ಸಕಂಪ ಕ್ಷೌರ

ಮಂಗಳವಾರದಂದು ನಮ್ಮ ಸೀಮೆಯ ಕ್ಷೌರದಂಗಡಿಗಳಿಗೆಲ್ಲ ರಜೆ. ಶುಕ್ರವಾರ ಲಕ್ಷ್ಮಿಯ ದಿನವೆಂದು ಮನೆಯ ಹೆಂಗಸರು ಒಪ್ಪುವುದಿಲ್ಲ. ಶನಿವಾರ ಶನೈಶ್ಚರನ ಭಯವುಂಟು. ಅಮಾವಾಸ್ಯೆ, ಏಕಾದಶಿ, ಸಂಕ್ರಮಣ, ಹುಟ್ಟಿದ ನಕ್ಷತ್ರ, ಹಿರಿಯರ ತಿಥಿಯ ಆಸುಪಾಸಿನ ದಿನಗಳು, ಇವುಗಳನ್ನೆಲ್ಲ ಪಂಚಾಂಗವನ್ನು ಮುಂದಿಟ್ಟುಕೊಂಡು ಒಂದೊಂದಾಗಿ ಕಳೆಯುತ್ತ ಹೋದರೆ, ಧರ್ಮಭೀರುವಾದ ಗೃಹಸ್ಥನಿಗೆ ಗಡ್ಡ ಬೋಳಿಸಿಕೊಳ್ಳಲು ಶಾಸ್ತ್ರವು ಉಳಿಸಿಕೊಡುವ ಅವಕಾಶ ಅತ್ಯಲ್ಪವಾದುದು. ಗಡ್ಡಕ್ಕಾದರೋ ಪಂಚಾಂಗದ ಪರಿಜ್ಞಾನವಿಲ್ಲ. ಅದು ಗ್ರಹಣಕಾಲದಲ್ಲಿಯೂ ಬೆಳೆಯುತ್ತದೆ. ಮಳವಳ್ಳಿ, ಮಂಡ್ಯ, ಮದ್ದೂರುಗಳ ಪ್ರೌಢಶಾಲೆಗಳಲ್ಲಿ ಗಣಿತವನ್ನು ಬೋಧಿಸಿ ನಿವೃತ್ತನಾದ ನಾನು ಈ ವ್ಯವಕಲನವನ್ನು ಎರಡೆರಡು ಬಾರಿ ತಾಳೆನೋಡಿ, ಅಂಗಡಿಯನ್ನೂ ಪಂಚಾಂಗವನ್ನೂ ಅವಲಂಬಿಸದೆ ಬೇಕೆನಿಸಿದ ಮುಂಜಾನೆ ನನ್ನ ಗಡ್ಡವನ್ನು ನಾನೇ ತೆಗೆದುಕೊಳ್ಳತಕ್ಕದ್ದೆಂಬ ನಿರ್ಣಯಕ್ಕೆ ಬಂದೆನು. ನನ್ನ ಕೈ ನಡುಗುತ್ತದೆಂಬ ಅಂಶವನ್ನು ಆಗ ಗಣನೆಗೆ ತೆಗೆದುಕೊಳ್ಳಲಿಲ್ಲವೆಂದು ವಾಚಕರು ಭಾವಿಸಬಾರದು. ತೆಗೆದುಕೊಂಡೇ ಬಂದ ನಿರ್ಣಯ ಅದು. ಮೇಲಾಗಿ, ಮಡಿಸಿದರೆ ಹಿಡಿಯೊಳಗೆ ಅಡಗಿ, ಬಿಚ್ಚಿದರೆ ಎದುರಿಗಿರುವವರ ಎದೆಯನ್ನು ಝಲ್ಲೆನ್ನಿಸುವ ಹಳೆಯ ಕಾಲದ ಕ್ಷೌರದ ಕತ್ತಿಯಿಂದಲೇ ಎಂಬ ಉಪನಿರ್ಣಯವೂ ಅದರೊಂದಿಗೆ ಸೇರಿತ್ತು.

ಅಮೆರಿಕದ ಜಿಲೆಟ್ ಎಂಬ ಪುಣ್ಯಾತ್ಮನು 1904ರಲ್ಲಿ ಸೇಫ್ಟಿ ರೇಜರಿಗೆ ಪೇಟೆಂಟು ಪಡೆದು ಲೋಕದ ಗಂಡಸರ ಕುತ್ತಿಗೆಗಳಿಗೆ ಅಭಯವನ್ನಿತ್ತ ವಿಷಯ ನನಗೆ ತಿಳಿಯದುದಲ್ಲ. ಕ್ಷೌರದಂಗಡಿಯವರು ಕೂಡ, ಒಬ್ಬರ ರಕ್ತ ಒಬ್ಬರಿಗೆ ತಗಲಿದರೆ ರೋಗ ಹರಡೀತೆಂಬ ಭೀತಿ ಹುಟ್ಟಿದ ಮೇಲೆ, ಮಸೆದ ಕತ್ತಿಯನ್ನು ಪೆಟ್ಟಿಗೆಗೆ ಸೇರಿಸಿ, ಬ್ಲೇಡನ್ನು ಎರಡಾಗಿ ಮುರಿದು ಹಿಡಿಗೆ ಸಿಕ್ಕಿಸಿ, ಗಿರಾಕಿ ಎದ್ದ ಕೂಡಲೆ ಎಸೆಯುತ್ತಾರೆ. ಹೀಗೆ, ಸ್ಥಿರಹಸ್ತರೆಲ್ಲರೂ ಕೆಳಗಿಟ್ಟ ಆಯುಧವನ್ನು ಕಂಪಿತಹಸ್ತನೊಬ್ಬನು ಕೈಗೆತ್ತಿಕೊಂಡನೆಂದರೆ ಅದಕ್ಕೆ ಕಾರಣವಿರಲೇಬೇಕು. ಕಾರಣವಿಷ್ಟೆ: ಆ ಕತ್ತಿ ನಮ್ಮ ತಂದೆಯವರದು. ಎರಡನೆಯ ಮಹಾಯುದ್ಧಕ್ಕೆ ಮುಂಚೆ ಮೈಸೂರಿನ ದಸರಾ ವಸ್ತುಪ್ರದರ್ಶನದಲ್ಲಿ ಕೊಂಡದ್ದಂತೆ. ಜರ್ಮನಿಯ ಜೋಲಿಂಗೆನ್ ಪಟ್ಟಣದ ಹೆಸರು ಅಲಗಿನ ಬುಡದಲ್ಲಿ ಇನ್ನೂ ಓದಲು ಬರುತ್ತದೆ. ಹಿಡಿ ಎಮ್ಮೆಯ ಕೊಂಬಿನದು. ಅಲಗಿನ ಎರಡು ಪಕ್ಕಗಳನ್ನೂ ಒಳಬಾಗಾಗಿ ತೋಡಿ ತೆಳುಮಾಡಿರುವುದರಿಂದ ಉಗುರಿನಲ್ಲಿ ಮೀಟಿದರೆ ಸಣ್ಣದೊಂದು ನಾದ ಹೊರಡುತ್ತದೆ. ಕಿಟಕಿಯ ಸರಳಿಗೆ ಕಟ್ಟಿದ ಚರ್ಮದ ಪಟ್ಟಿಯ ಮೇಲೆ ಇದನ್ನು ಬೆನ್ನು ಮುಂದಾಗಿ ಎಳೆದು, ಕೊನೆಯಲ್ಲಿ ಬೆನ್ನಿನ ಮೇಲೆಯೇ ಹೊರಳಿಸಿ, ಮತ್ತೆ ಹಿಂದಕ್ಕೆ ಎಳೆಯಬೇಕು. ಮರೆತು ಬಾಯಿಯ ಮೇಲೆ ಹೊರಳಿಸಿದರೆ ಚರ್ಮವೂ ಹೋಯಿತು, ಹದವೂ ಹೋಯಿತು. ಈ ಮಸೆತವನ್ನು ನನ್ನ ಕೈ ನಿರಾಯಾಸವಾಗಿ ಮಾಡುತ್ತದೆ. ನಡುಕವೆಲ್ಲ ಆಮೇಲಿನದು.

ನನ್ನ ಕೈಯ ಸ್ವಭಾವವನ್ನು ಸ್ವಲ್ಪ ವಿವರಿಸಬೇಕು. ಸುಮ್ಮನೆ ತೊಡೆಯ ಮೇಲಿಟ್ಟುಕೊಂಡು ಕುಳಿತರೆ ಅದರಷ್ಟು ಸಾಧುವಾದ ಕೈ ಮದ್ದೂರು ಪೇಟೆಯಲ್ಲಿ ಇನ್ನೊಂದಿಲ್ಲ. ಕೆಲಸವೊಂದನ್ನು ವಹಿಸಿದೊಡನೆ ಅದಕ್ಕೆ ಆವೇಶ ಬರುತ್ತದೆ. ಗುರಿ ಸಮೀಪಿಸಿದಷ್ಟೂ ಆವೇಶ ಹೆಚ್ಚುತ್ತದೆ. ಕರಿಹಲಗೆಯ ಮೇಲೆ ನಾನೆಳೆದ ಸರಳರೇಖೆಗಳನ್ನು ಹುಡುಗರು ಶಿಂಷಾ ನದಿಯೆಂದು ಕರೆಯುತ್ತಿದ್ದರು. ಅದರ ಮೇಲೆ ಲಂಬವನ್ನು ಎಳೆದಾಗ ಹೊಳೆಗೆ ಸೇತುವೆ ಬಿತ್ತೆಂದು ಹಿಂದಿನ ಬೆಂಚಿನಿಂದ ಧ್ವನಿ ಬರುತ್ತಿತ್ತು. ಮೈಸೂರಿನ ನರರೋಗತಜ್ಞರೊಬ್ಬರು ನನ್ನ ಮೂಗನ್ನೂ ಅವರ ಬೆರಳ ತುದಿಯನ್ನೂ ಪರ್ಯಾಯವಾಗಿ ಮುಟ್ಟಿಸಿ ನೋಡಿ, 1817ರಲ್ಲಿ ಲಂಡನ್ನಿನ ಜೇಮ್ಸ್ ಪಾರ್ಕಿನ್‌ಸನ್ ಎಂಬ ವೈದ್ಯನು ವರ್ಣಿಸಿದ ಕಂಪವಾತ ಇದಲ್ಲವೆಂದೂ, ಆ ನಡುಕ ಕೈ ವಿಶ್ರಾಂತವಾಗಿರುವಾಗ ಕಾಣಿಸಿಕೊಳ್ಳುವಂಥದೆಂದೂ, ನನ್ನದು ವಂಶಪಾರಂಪರ್ಯವಾಗಿ ಬರುವ ಬೇರೊಂದು ಜಾತಿಯ ನಡುಕವೆಂದೂ, ಸೆಕೆಂಡಿಗೆ 4ರಿಂದ 12 ಆವರ್ತನಗಳೊಳಗೆ ಅದರ ಆಟವೆಂದೂ, ತಂದೆಗೋ ತಾಯಿಗೋ ಇದ್ದರೆ ಮಗುವಿಗೆ ಬರುವ ಸಂಭವ ಸರಿಸುಮಾರು ಅರ್ಧವೆಂದೂ ತಿಳಿಸಿದರು. ಸಂಭವನೀಯತೆಯ ಪಾಠದಲ್ಲಿ ನಾಣ್ಯವನ್ನು ಚಿಮ್ಮಿ ಮಕ್ಕಳಿಗೆ ತೋರಿಸಿದವನು ನಾನು. ನನ್ನನ್ನೇ ಯಾರೋ ಹಾಗೆ ಚಿಮ್ಮಿದ್ದರೆಂಬುದು ಆ ದಿನ ಗೊತ್ತಾಯಿತು. ಇದಕ್ಕೆ ಕೊಡತಕ್ಕ ಮುಖ್ಯ ಗುಳಿಗೆಯಾದ ಪ್ರೊಪ್ರನಲಾಲ್ ಉಬ್ಬಸವಿರುವವರಿಗೆ ನಿಷಿದ್ಧ. ನನಗೆ ಉಬ್ಬಸವೂ ಉಂಟು.

ಆ ವೈದ್ಯರು ಹೇಳಿದ ಇನ್ನೊಂದು ವಿಷಯವನ್ನು ನಾನು ಊರಿನಲ್ಲಿ ಯಾರಿಗೂ ಹೇಳಿರಲಿಲ್ಲ. ಸ್ವಲ್ಪ ಮದ್ಯ ಹೊಟ್ಟೆಗೆ ಬಿದ್ದರೆ ಈ ನಡುಕ ತಾತ್ಕಾಲಿಕವಾಗಿ ಅಡಗುತ್ತದಂತೆ. ಇಳಿದ ಮೇಲೆ ಮೊದಲಿಗಿಂತ ಹೆಚ್ಚಾಗಿ ಮರಳುವುದರಿಂದ ಅದನ್ನು ಔಷಧವೆಂದು ಸೇವಿಸತಕ್ಕದ್ದಲ್ಲವಂತೆ. ನಮ್ಮ ಜಿಲ್ಲೆಯಾದರೋ ಕಬ್ಬಿನ ಜಿಲ್ಲೆ. 1933ರಲ್ಲಿ ಸ್ಥಾಪಿತವಾದ ಮಂಡ್ಯದ ಸಕ್ಕರೆ ಕಂಪನಿ ಸಕ್ಕರೆಯಷ್ಟರಿಂದಲೇ ತೃಪ್ತವಾಗದೆ ಕಾಕಂಬಿಯಿಂದ ಮದ್ಯಸಾರವನ್ನೂ ಇಳಿಸಿದ ಖ್ಯಾತಿಯುಳ್ಳದ್ದು. ಇಂಥ ನಾಡಿನಲ್ಲಿ ಜನ್ಮಾರಭ್ಯ ಒಂದು ತೊಟ್ಟನ್ನೂ ಮುಟ್ಟದೆ ಬದುಕಿದವನ ಕೈಯಲ್ಲಿ ಕಾಫಿಯ ಲೋಟ ಗಡಗಡಿಸುವುದನ್ನು ಹೋಟೆಲಿನಲ್ಲಿ ಕಂಡವರು, ‘ಏನ್ ಮೇಷ್ಟ್ರೇ, ಬೆಳಬೆಳಗ್ಗೇಲೇ ಸುರುವಾ?’ ಎಂದು ಕಣ್ಣು ಮಿಟುಕಿಸುವುದುಂಟು. ಶುರುಮಾಡಿದ್ದರೆ ನಡುಗುತ್ತಿರಲಿಲ್ಲವಪ್ಪ ಎಂಬ ವೈಜ್ಞಾನಿಕ ಸತ್ಯವನ್ನು ಅವರ ಮುಂದೆ ಮಂಡಿಸುವುದು ಹೇಗೆ? ಕಾಫಿಯನ್ನು ಬಿಟ್ಟು ವಡೆಯನ್ನು ಹಿಡಿದೆನು. ನಡುಗುವ ಕೈಗಳಿಗೆ ವಿಧಿಯು ಕರುಣಿಸಿದ ಭಕ್ಷ್ಯವೆಂದರೆ ನಮ್ಮೂರಿನ ವಡೆಯೇ. ಅದು ತುಳುಕುವುದಿಲ್ಲ, ಸೋರುವುದಿಲ್ಲ, ಅಲುಗಿದಷ್ಟೂ ಹೆಚ್ಚಿನ ಎಣ್ಣೆಯನ್ನು ಬಿಟ್ಟುಕೊಟ್ಟು ಆರೋಗ್ಯಕರವಾಗುತ್ತದೆ.

ಅಪವಾದಕ್ಕಿಂತಲೂ ಅನುಕಂಪವೇ ದುಸ್ಸಹವಾದುದು. ನಸುಗುನ್ನಿಯ ಬೀಜವನ್ನು ಹಾಲಿನಲ್ಲಿ ಬೇಯಿಸಿ ತಿನ್ನಿರೆಂದು ಒಬ್ಬರು ಪೊಟ್ಟಣವನ್ನೇ ತಂದುಕೊಟ್ಟರು. ಅದರಲ್ಲಿರುವ ಲೆವೊಡೋಪ ಎಂಬ ವಸ್ತು ಪಾರ್ಕಿನ್‌ಸನ್ನಿನವರಿಗೆ ಉಪಕಾರಿಯೆ ಹೊರತು ನನ್ನಂಥವರಿಗಲ್ಲವೆಂದು ಹೇಳಿದರೆ, ‘ಓದ್ದೋರ್ಗೆ ನಂಬ್ಕೆ ಇಲ್ಲ ಬುಡಿ’ ಎಂದು ಮುನಿದರು. ಪಿಂಚಣಿಯನ್ನು ಪಡೆಯುವಲ್ಲಿ, ನನ್ನ ಸಹಿ ನನ್ನ ಹಿಂದಿನ ಸಹಿಯೊಂದಿಗೆ ಕೂಡಿಬರಲಿಲ್ಲವೆಂಬ ಕಾರಣದಿಂದ, ಮೊಮ್ಮಗನ ವಯಸ್ಸಿನ ತರುಣನೊಬ್ಬನು ಶಾಯಿಯ ಪ್ಯಾಡನ್ನು ಮುಂದೆ ತಳ್ಳಿ ಮಧುರವಾಗಿ, ‘ಹೆಬ್ಬೆಟ್ಟು ಒತ್ತಿಬಿಡಿ ಸಾರ್’ ಎಂದನು. ಒಂದು ತಾಲ್ಲೂಕಿಗೆ ತ್ರಿಕೋನಮಿತಿಯನ್ನು ಕಲಿಸಿದವನು ಹೆಬ್ಬೆಟ್ಟನ್ನು ಒತ್ತಿ ಬಂದೆನು. ಬೆಂಗಳೂರಿನಲ್ಲಿರುವ ಮಗನು ವಿದ್ಯುತ್ತಿನ ಕ್ಷೌರಯಂತ್ರವನ್ನು ಕಳುಹಿಸಿದನು. ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಲ್ಲಿ 1902ರಲ್ಲಿಯೇ ವಿದ್ಯುತ್ತನ್ನು ಉತ್ಪಾದಿಸಿ ಕೋಲಾರದ ಚಿನ್ನದ ಗಣಿಗಳಿಗೆ ಸಾಗಿಸಿದ ಸೀಮೆಯವನಾದ ನಾನು ವಿದ್ಯುದ್ವಿರೋಧಿಯಾಗುವಂತಿಲ್ಲ. ಆದರೆ ತಾನೇ ಗುರುಗುಟ್ಟಿ ನಡುಗುವ ಯಂತ್ರವನ್ನು ನಡುಗುವ ಕೈಗೆ ಕೊಟ್ಟಾಗ ಎರಡು ಕಂಪನಗಳಿಗೂ ಪೈಪೋಟಿ ಹತ್ತಿ, ಮಧ್ಯದಲ್ಲಿ ಸಿಕ್ಕಿದ ಮೀಸೆಯ ಒಂದು ಪಾರ್ಶ್ವ ಮಾಯವಾಯಿತು. ಸಮತೆಯ ನ್ಯಾಯದಿಂದ ಇನ್ನೊಂದನ್ನೂ ತೆಗೆದುಹಾಕಿ, ಪೆಟ್ಟಿಗೆಯಿಂದ ಕತ್ತಿಯನ್ನು ಹೊರತೆಗೆದೆನು.

ಶ್ರೇಯಸ್ಸಿನ ಮಾರ್ಗವನ್ನು ಕ್ಷುರದ ಅಲಗಿಗೆ ಹೋಲಿಸಿದ ಕಠೋಪನಿಷತ್ತಿನ ಋಷಿಯು, ಆ ಮಾರ್ಗದಲ್ಲಿ ನಡೆಯತಕ್ಕವನ ಕಾಲು ನಡುಗುತ್ತಿದ್ದರೆ ಏನು ಮಾಡಬೇಕೆಂಬುದನ್ನು ವಿಚಾರಿಸಿದಂತೆ ಕಾಣೆ. ನಾನು ವಿಚಾರಿಸಿದ್ದೇನೆ. ಕೈಗೆ ಭಾರವನ್ನು ಕಟ್ಟಿದರೆ ನಡುಕ ಕೊಂಚ ತಗ್ಗುತ್ತದೆ. ಅದಕ್ಕಾಗಿ ಹಳೆಯ ಬನಿಯನ್ನಿನ ಬಟ್ಟೆಯಲ್ಲಿ ಒಂದು ಚೀಲವನ್ನು ಹೊಲಿಸಿ, ಶಿಂಷೆಯಿಂದ ತಂದ ಮರಳನ್ನು ತುಂಬಿ, ಮಣಿಕಟ್ಟಿಗೆ ಕಟ್ಟಿಕೊಂಡೆನು. ಹೊಳೆಯ ಮರಳಿಗಾಗಿ ರಾತ್ರಿಯೆಲ್ಲ ಟ್ರಾಕ್ಟರುಗಳು ಓಡಿ ಮೊಕದ್ದಮೆಗಳು ಹೂಡಲ್ಪಡುವ ನಮ್ಮೂರಿನಲ್ಲಿ, ಮೇಷ್ಟ್ರೂ ಮರಳಿನ ದಂಧೆಗೆ ಇಳಿದರೆಂಬ ಹಾಸ್ಯ ಹಬ್ಬಿತು. ಮೊಣಕೈಯನ್ನು ಕಿಟಕಿಯ ಹಲಗೆಗೆ ಊರಿದರೆ ಇನ್ನಷ್ಟು ತಗ್ಗುತ್ತದೆ. ಎಡಗೈಯಿಂದ ಬಲಗೈಯ ಮಣಿಕಟ್ಟನ್ನು ಹಿಡಿದರೆ ಮತ್ತಷ್ಟು. ಆದರೆ ಕತ್ತಿಯ ಕ್ಷೌರದಲ್ಲಿ ಎಡಗೈಗೆ ಬೇರೆಯೇ ಅಧಿಕಾರವಿದೆ: ಅದು ಕೆನ್ನೆಯ ಚರ್ಮವನ್ನು ಬಿಗಿಯಾಗಿ ಎಳೆದು ಹಿಡಿದಿರಬೇಕು, ಸಡಿಲವಾದ ಚರ್ಮದ ಮೇಲೆ ಕತ್ತಿ ಹರಿಯುವುದಿಲ್ಲ, ಇಳಿಯುತ್ತದೆ. ಆದುದರಿಂದ ಮೂರನೆಯ ಕೈಯೊಂದು ಅವಶ್ಯಕ. ಅಗ್ನಿಸಾಕ್ಷಿಯಾಗಿ ಹಿಡಿದ ಕೈಯೊಂದು ಮನೆಯಲ್ಲಿದ್ದುದರಿಂದ ಅದನ್ನೇ ಕರೆದೆನು.

ನನ್ನಾಕೆ ಮೊದಲು ಹೊಳೆ ಆಂಜನೇಯನಿಗೆ ಹರಕೆ ಹೊತ್ತು, ಅನಂತರ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಎರಡು ಕಣ್ಣುಗಳನ್ನೂ ಗಟ್ಟಿಯಾಗಿ ಮುಚ್ಚಿಕೊಂಡು ನನ್ನ ಕೆನ್ನೆಯನ್ನು ಎಳೆದು ಹಿಡಿದಳು. ಭೀತಿಯಿಂದ ಮುಚ್ಚಿದ ಆ ಕಣ್ಣುಗಳೇ ನನಗೆ ಪರಮೋಪಕಾರವನ್ನು ಮಾಡಿದವು. ಯಾರಾದರೂ ನೋಡುತ್ತಿದ್ದಾರೆಂದು ತಿಳಿದೊಡನೆ ನನ್ನ ನಡುಕ ಇಮ್ಮಡಿಯಾಗುತ್ತದೆ. ನೋಡುವವರು ಮರುಗಿದರೆ ಮುಮ್ಮಡಿಯಾಗುತ್ತದೆ. ಹಿಡಿದೂ ನೋಡದಿರುವ ಸಹಾಯಕಿ ಎಂಥ ವೈದ್ಯಶಾಲೆಯಲ್ಲಿಯೂ ದೊರೆಯಲಾರಳು. ಕೆನ್ನೆಗಳು ನಿರ್ವಿಘ್ನವಾಗಿ ಮುಗಿದವು. ಗಲ್ಲದ ಮೇಲೆ ಆದ ಒಂದೆರಡು ಗಾಯಗಳಿಗೆ ಪಟಿಕ ಉಜ್ಜಿದ್ದಾಯಿತು. ಉಳಿದದ್ದು ಮೇಲ್ದುಟಿ. ಮೇಲ್ದುಟಿಯನ್ನು ಬಿಗಿಗೊಳಿಸಲು ಮೂಗನ್ನು ಹಿಡಿದು ಮೇಲೆತ್ತಬೇಕು.

ಆ ಮುಂಜಾನೆ ಸ್ಥಿತಿ ಹೀಗಿತ್ತು: ನಾನು ಬೀದಿಯ ಕಿಟಕಿಯ ಬಳಿ, ಮುಖದ ತುಂಬ ಬಿಳಿಯ ನೊರೆಯೊಂದಿಗೆ, ಮಣಿಕಟ್ಟಿಗೆ ಮರಳಿನ ಚೀಲವನ್ನು ಕಟ್ಟಿಕೊಂಡು, ತೆರೆದ ಕತ್ತಿಯ ಅಲಗನ್ನು ಮೂಗಿನ ಹೊಳ್ಳೆಗಳ ಕೆಳಗೆ ಊರಿಕೊಂಡು ನಿಂತಿದ್ದೇನೆ, ನನ್ನಾಕೆ ಕಣ್ಣು ಮುಚ್ಚಿ, ಹಲ್ಲು ಕಚ್ಚಿ, ಮೂಗಿನ ಎರಡೂ ಹೊಳ್ಳೆಗಳನ್ನು ಬೆರಳುಗಳಿಂದ ಅದುಮಿ ಮೇಲಕ್ಕೆ ಎತ್ತಿ ನಿಂತಿದ್ದಾಳೆ. ಆಗ ಕಿಟಕಿಯ ಆಚೆಯಲ್ಲಿ ಪ್ರತ್ಯಕ್ಷರಾದವರು ಮಗಳ ಮಾವನವರ ತಮ್ಮನವರು. ಮಳವಳ್ಳಿಯ ಕಡೆಯ ಹಳ್ಳಿಯಲ್ಲಿ ಕಬ್ಬು, ಹಿಪ್ಪುನೇರಳೆ ಬೆಳೆಯುವ ದೊಡ್ಡ ಒಕ್ಕಲುಗಾರರು. ಮಗನ ಮದುವೆಯ ಲಗ್ನಪತ್ರಿಕೆಯನ್ನೂ ಅಕ್ಷತೆಯನ್ನೂ ಕೈಯಲ್ಲಿ ಹಿಡಿದು ಮೊದಲ ಬಸ್ಸಿಗೇ ಬಂದವರು. ಅವರು ಕಂಡದ್ದನ್ನು ಕಂಡರು. ಹೆಂಡತಿಯು ಗಂಡನ ಆತ್ಮಹತ್ಯೆಯನ್ನು ತಡೆಯುತ್ತಿರಬಹುದು, ಅಥವಾ ಹತ್ಯೆಯನ್ನೇ ನೆರವೇರಿಸುತ್ತಿರಬಹುದು, ಇಲ್ಲವೆ ಇದು ಮದ್ದೂರಿನವರ ಯಾವುದೋ ಹರಕೆಯಿರಬಹುದು. ಈ ಮೂರು ಪಕ್ಷಗಳನ್ನೂ ಅವರ ಮುಖ ಕ್ರಮವಾಗಿ ಪರಿಶೀಲಿಸಿದ್ದನ್ನು ನಾನು ಓರೆಗಣ್ಣಿನಿಂದ ಕಂಡೆನು. ಆದರೆ ಯಾವ ಪಕ್ಷವೇ ನಿಜವಾಗಲಿ, ನಮ್ಮ ಕಡೆಯವನಾದವನು ಮೊದಲು ಕೇಳತಕ್ಕದ್ದನ್ನು ಕೇಳದೆ ಇರುವುದಿಲ್ಲ. ಅವರು ಗಂಟಲನ್ನು ಸರಿಪಡಿಸಿಕೊಂಡು ಕೇಳಿದರು:

‘ತಿಂಡಿ ಆಯ್ತಾ, ಬೀಗ್ರೇ?’

ಉತ್ತರ ಕೊಡದಿರುವುದು ಅಮರ್ಯಾದೆ. ಕೊಡುವುದಾದರೆ ತುಟಿಗಳ ಮೇಲೆ ಕತ್ತಿಯಿದೆ. ನಾನು ಆ ಕ್ಷಣದಲ್ಲಿ ಇಡೀ ವರ್ಣಮಾಲೆಯನ್ನು ಮನಸ್ಸಿನಲ್ಲಿ ಶೋಧಿಸಿದೆನು. ತುಟಿಗಳು ಕೂಡದೆ ಹೊರಡದ ಪವರ್ಗ ಪೂರ್ತಿಯಾಗಿ ನಿಷಿದ್ಧ. ಮೂಗು ನನ್ನ ಅಧೀನದಲ್ಲಿಲ್ಲದುದರಿಂದ ಅನುನಾಸಿಕಗಳೂ ಇಲ್ಲ. ತುಟಿಯನ್ನು ದುಂಡಗೆ ಮಾಡಿಸುವ ಉ, ಊ, ಒ, ಓ, ಔಕಾರಗಳನ್ನು ಉಚ್ಚರಿಸಿದರೆ ಮೇಲ್ದುಟಿಯ ಒಂದಂಶ ಉಚ್ಚಾರಣೆಯೊಡನೆಯೇ ಹೊರಟುಹೋಗುವುದು. ಬಂದ ನೆಂಟರನ್ನು ‘ಬನ್ನಿ’ ಎನ್ನೋಣವೆಂದರೆ ಮೊದಲಕ್ಷರ ಓಷ್ಠ್ಯ, ಎರಡನೆಯದು ಅನುನಾಸಿಕ. ‘ಕೂತ್ಕೊಳ್ಳಿ’ ಎಂದರೆ ಹೆಜ್ಜೆಗೊಂದು ದುಂಡುಸ್ವರ. ತಿಂಡಿ ‘ಆಯ್ತು’ ಎಂದರೆ ಕೊನೆಯಲ್ಲಿ ಉಕಾರ, ಮೇಲಾಗಿ ಸುಳ್ಳು. ‘ಇಲ್ಲ’ ಎಂಬುದು ಶಾರೀರಿಕವಾಗಿ ಸಾಧ್ಯ. ಆದರೆ ಲಗ್ನಪತ್ರಿಕೆಯನ್ನು ತಂದವರಿಗೆ ಮೊದಲ ಮಾತಾಗಿ ‘ಇಲ್ಲ’ವೆನ್ನುವುದು ಅಮಂಗಳ. ಇಷ್ಟು ಶೋಧನೆ ಮುಗಿಯುವಷ್ಟರಲ್ಲಿ, ಪ್ರೇಕ್ಷಕರೊಬ್ಬರು ಒದಗಿದುದನ್ನು ಅರಿತ ನನ್ನ ಬಲಗೈ ಮರಳಿನ ಚೀಲವನ್ನೂ ಲೆಕ್ಕಿಸದೆ ಕುಣಿಯಲು ಆರಂಭಿಸಿತ್ತು. ಓಷ್ಠ್ಯವಿಲ್ಲದ, ಅನುನಾಸಿಕವಿಲ್ಲದ, ವಿನಯಕ್ಕೂ ಭಂಗವಿಲ್ಲದ ಏಕೈಕ ಶಬ್ದವನ್ನು ಕಡೆಗೂ ಕಂಡುಹಿಡಿದು, ಸರ್ವಪ್ರಾಣವನ್ನೂ ಅದರಲ್ಲಿಟ್ಟು ಕೂಗಿದೆನು:

‘ಇರಿ!’

ಬೀಗರ ಕೈಯಿಂದ ಲಗ್ನಪತ್ರಿಕೆ ಕೆಳಗೆ ಬಿತ್ತು. ‘ಬ್ಯಾಡ ಕಣಕ್ಕಾ, ಬ್ಯಾಡ! ಅವ್ರು ಕ್ವಾಪ್ದಲ್ಲಿ ಅಂದವ್ರೆ, ನೀನು ಒಸಿ ತಡ್ಕೊ!’ ಎಂದು ಬೀದಿಯೆಲ್ಲ ಕೇಳುವಂತೆ ಅರಚುತ್ತ, ಬಾಗಿಲನ್ನು ಭುಜದಿಂದ ನೂಕಿ ಒಳನುಗ್ಗಿ, ಕತ್ತಿ ಹಿಡಿದಿದ್ದ ನನ್ನ ಮುಂಗೈಯನ್ನು ಎರಡು ಕೈಗಳಿಂದಲೂ ಹಿಡಿದರು.

ವಾಚಕ ಮಹಾಶಯರೇ, ಆಗ ಘಟಿಸಿದುದನ್ನು ಗಣಿತದಿಂದ ವಿವರಿಸಲಾರೆ. ಬಾಲ್ಯದಿಂದ ಕಬ್ಬು ಕಡಿದು ಕಡಿದು ಮರವಾಗಿದ್ದ ಆ ಎರಡು ಕೈಗಳ ನಡುವೆ ನನ್ನ ಕೈ, ಎಷ್ಟೋ ವರ್ಷಗಳ ಮೇಲೆ, ಸಂಪೂರ್ಣವಾಗಿ ನಿಂತಿತು. ಅಲಗು ತುಟಿಯ ಮೇಲೆ ಕೂದಲೆಳೆಯಷ್ಟೂ ಅಲುಗದೆ ಕುಳಿತಿತ್ತು. ವಿವೇಕಿಯಾದವನು ಅಂಥ ಸಂದರ್ಭದಲ್ಲಿ ಕತ್ತಿಯನ್ನು ತೆಗೆದಿಟ್ಟು ಅತಿಥಿಗೆ ಸಮಾಧಾನ ಹೇಳುತ್ತಾನೆ. ನನಗೋ, ಇಂಥ ಸುಯೋಗ ಪುನಃ ಒದಗುವುದೇ ಎಂಬ ದುರಾಶೆ ಹುಟ್ಟಿತು. ಹಲ್ಲುಗಳ ನಡುವಿನಿಂದಲೇ ‘ಹಾಗೇ ಹಿಡಿದಿರಿ’ ಎಂದು ಗೊಗ್ಗರುದನಿಯಲ್ಲಿ ಬೇಡಿಕೊಂಡೆನು. ಅವರು ಭಯದಿಂದ ಹಿಡಿದಿದ್ದರು. ನನ್ನಾಕೆ ಇನ್ನೂ ಕಣ್ಣು ತೆರೆದಿರಲಿಲ್ಲ, ಮೂಗನ್ನೂ ಬಿಟ್ಟಿರಲಿಲ್ಲ. ಬೆರಳುಗಳಷ್ಟನ್ನೇ ಆಡಿಸುತ್ತ, ಬೀಗರ ಮೊಣಕೈಗಳನ್ನು ನನ್ನ ಮೊಣಕೈಯಿಂದ ಮೆಲ್ಲನೆ ನೂಕುತ್ತ, ಮೇಲ್ದುಟಿಯನ್ನು ಬಲದಿಂದ ಎಡಕ್ಕೆ, ಒಂದು ಹನಿ ರಕ್ತವಿಲ್ಲದೆ, ಶಂಖದಂತೆ ನುಣುಪಾಗಿ ಮುಗಿಸಿದೆನು. ಅನಂತರ ಮೂವರೂ ಕುಳಿತು ಉಪ್ಪಿಟ್ಟು ತಿಂದೆವು.

ಮದುವೆಯ ಹೊತ್ತಿಗೆ ಈ ವೃತ್ತಾಂತ ಕೆ.ಎಂ. ದೊಡ್ಡಿಯನ್ನು ದಾಟಿ ಮಳವಳ್ಳಿಯನ್ನು ಮುಟ್ಟಿ, ದಾರಿಯುದ್ದಕ್ಕೂ ಪುಷ್ಟಿಗೊಂಡಿತ್ತು. ಛತ್ರದಲ್ಲಿ ನನ್ನನ್ನು ಕಂಡವರೆಲ್ಲರ ದೃಷ್ಟಿಯೂ ಮೊದಲು ಕುತ್ತಿಗೆಗೆ, ಆಮೇಲೆ ನನ್ನಾಕೆಯ ಕಡೆಗೆ ಹೋಗುತ್ತಿತ್ತು. ಊಟಕ್ಕೆ ಎದ್ದಾಗ ಬೀಗರು ಮುತುವರ್ಜಿಯಿಂದ, ‘ಮೇಷ್ಟ್ರಿಗೆ ಒಳಗೆ ಬ್ಯಾರೆ ಹಾಕ್ಸುವಾ, ಸ್ಪೂನ್ ಕೊಡ್ಸುವಾ’ ಎಂದರು. ನಾನು ಪಂಕ್ತಿಯಲ್ಲಿಯೇ ಕುಳಿತೆನು.

ಅದಕ್ಕೆ ಕಾರಣವನ್ನು ಅವರಿಗೆ ಹೇಳಲಿಲ್ಲ. 1939ರಲ್ಲಿ ಮಂಡ್ಯ ಪ್ರತ್ಯೇಕ ಜಿಲ್ಲೆಯಾದ ಹೊಸದರಲ್ಲಿ ಮಳವಳ್ಳಿಯ ಸೀಮೆಗೆ ಶೇಕದಾರರಾಗಿ ಬಂದ ನಮ್ಮ ತಂದೆಯವರನ್ನು ಮದುವೆ ಮುಂಜಿಗಳಿಗೆ ಕರೆಯದ ಮನೆಯಿರಲಿಲ್ಲ. ಅವರು ಹೋಗುತ್ತಿದ್ದರು, ಅಕ್ಷತೆ ಹಾಕುತ್ತಿದ್ದರು, ಊಟಕ್ಕೆ ಎಬ್ಬಿಸಲು ಬಂದರೆ ‘ಇವತ್ತು ಒಪ್ಪತ್ತು’ ಎಂದು ಕೈ ಮುಗಿದು ಎದ್ದುಬಿಡುತ್ತಿದ್ದರು. ಶೇಕದಾರರು ಮಹಾ ನೇಮಸ್ಥರೆಂದು ತಾಲ್ಲೂಕಿನಲ್ಲಿ ಹೆಸರಾಯಿತು. ನಾನೂ ಹಾಗೆಯೇ ನಂಬಿ ಹೆಮ್ಮೆಪಟ್ಟುಕೊಂಡಿದ್ದೆನು. ಒಂದು ರಾತ್ರಿ ನೀರು ಕುಡಿಯಲು ಎದ್ದು ಅಡಿಗೆಮನೆಯ ಕದದ ಸಂದಿಯಿಂದ ನೋಡಿದಾಗ, ಎಲೆಯಲ್ಲಿ ಸಾರನ್ನ ಬಡಿಸಿತ್ತು. ನಮ್ಮ ತಾಯಿ ಅವರ ಮುಂಗೈಯನ್ನು ಹಿಡಿದುಕೊಂಡು ಬಾಯಿಯವರೆಗೆ ತಲಪಿಸುತ್ತಿದ್ದರು. ಊರೆದುರಿಗೆ ಎಲೆಯಿಂದ ಸಾರು ಚೆಲ್ಲೀತೆಂದು ಆ ಮನುಷ್ಯ ಅಷ್ಟು ವರ್ಷ ಹಸಿದಿದ್ದರು. ದಸರಾದಲ್ಲಿ ಆಸೆಯಿಂದ ಕೊಂಡ ಕತ್ತಿಯನ್ನು ಪೆಟ್ಟಿಗೆಯ ತಳಕ್ಕೆ ಸೇರಿಸಿದ್ದೂ ಆ ಕಾಲದಲ್ಲಿಯೇ ಇರಬೇಕು. ನಾನು ಪಂಕ್ತಿಯಲ್ಲಿ ಕುಳಿತು, ಸಾರನ್ನೂ ಪಾಯಸವನ್ನೂ ಧಾರಾಳವಾಗಿ ಚೆಲ್ಲಿಕೊಂಡು, ಎರಡನೆಯ ಬಾರಿ ಹಾಕಿಸಿಕೊಂಡು ಉಂಡೆನು. ಎಡಮಗ್ಗುಲಿನವರ ಪಂಚೆಗೂ ಸ್ವಲ್ಪ ಪ್ರಸಾದ ಸಂದಿತು.

ಕೈ ತೊಳೆದು ಬಂದು ಎಲೆಯಡಕೆಗೆ ಕುಳಿತಾಗ, ಮದುವಣಿಗನಿಗೆ ಉಗುರು ತೆಗೆಯುವ ಶಾಸ್ತ್ರವನ್ನು ಮಾಡಿ ಬಂದಿದ್ದ ವೃದ್ಧ ಕ್ಷೌರಿಕರೊಬ್ಬರು ನನ್ನೆದುರು ನಿಂತರು. ಕುಶಲವನ್ನೂ ಕೇಳದೆ, ಅನುಮತಿಯನ್ನೂ ಬೇಡದೆ, ನನ್ನ ಗಲ್ಲವನ್ನು ಹಿಡಿದು ಬೆಳಕಿಗೆ ತಿರುಗಿಸಿದರು.

‘ಯಾರ್ ಸಾ ಮಾಡಿದ್ದು ಇದ?’

‘ನಾನೇ.’

‘ಕತ್ತೀಲಾ?’

‘ಕತ್ತಿಯಲ್ಲಿಯೇ.’

ಹೆಬ್ಬೆರಳಿನಿಂದ ಕೂದಲಿನ ಎದುರುಮುಖವಾಗಿ ಕೆನ್ನೆಯನ್ನು ಒಮ್ಮೆ ಸವರಿದರು. ನನ್ನ ಕೈಯಲ್ಲಿದ್ದ ವೀಳ್ಯದೆಲೆ ಗಾಳಿಯಿಲ್ಲದೆಯೂ ಪಟಪಟನೆ ಅಲುಗುತ್ತಿದ್ದುದನ್ನು ಅವರು ಕಂಡರು; ಕಂಡದ್ದು ನನಗೂ ಗೊತ್ತಾಯಿತು. ಅನುಕಂಪಕ್ಕೆ ಮೈಯೊಡ್ಡಿಕೊಂಡು ಕುಳಿತೆನು.

‘ಮಸೆತ ಚೆನ್ನಾಗದೆ,’ ಎಂದರು ಅವರು. ‘ಕತ್ತಿಯ ಬಾಳ ನೆಟ್ಟಗೆ ಹಿಡೀತೀರಿ, ಒಸಿ ಮಲುಗ್ಸಬೇಕು. ಗೋಮಾಳೆ ಕೆಳ್ಗೆ ಕೂದ್ಲು ಎಡಕ್ಕೆ ತಿರುಗ್ತದೆ, ನೀವು ನೋಡೇ ಇಲ್ಲ, ಮ್ಯಾಲಿಂದ ಕೆಳಕ್ಕೆ ಎಳ್ದಿದ್ದೀರಿ. ಇದು ಕೈ ನಡುಗಿ ಆಗಿದ್ದಲ್ಲ ಸಾ, ಅವಸರ ಬಿದ್ದು ಆಗಿದ್ದು.’

ಕತ್ತಿಯ ಬೆನ್ನಿಗೂ ಚರ್ಮಕ್ಕೂ ಮಧ್ಯೆ 30 ಡಿಗ್ರಿಯ ಕೋನವಿರಬೇಕೆಂಬುದನ್ನು, ಕೋನಮಾಪಕದ ಹೆಸರನ್ನೂ ಕೇಳದ ಆ ಮಹಾನುಭಾವರು ತಮ್ಮ ತೋರುಬೆರಳನ್ನೇ ಅಲಗಾಗಿ ಮಾಡಿ ನನ್ನ ಕೆನ್ನೆಯ ಮೇಲೆ ತೋರಿಸಿಕೊಟ್ಟರು. ಹದಿನೈದು ದಿವಸ ಬಿಟ್ಟು ಮತ್ತೆ ತೋರಿಸಬೇಕೆಂದು ಆಜ್ಞಾಪಿಸಿದರು. ಅಂದಿನಿಂದ ನಾನು ಪಕ್ಷಕ್ಕೊಮ್ಮೆ ಮಳವಳ್ಳಿಯ ಬಸ್ಸನ್ನು ಹತ್ತಿ ಅವರ ಅಂಗಡಿಗೆ ಹೋಗಿ, ಗಿರಾಕಿಗಳ ಎದುರಿನಲ್ಲಿಯೇ ಮುಖವನ್ನು ಒಪ್ಪಿಸಿ, ಬೈಗುಳವನ್ನು ಕೇಳಿಕೊಂಡು ಬರುತ್ತಿದ್ದೇನೆ. ಎಡಗಿವಿಯ ಬುಡ, ದವಡೆಯ ಮೂಲೆ, ಗೋಮಾಳೆಯ ಕೆಳಭಾಗ, ಒಂದಲ್ಲ ಒಂದು ಕಡೆ ಅವರಿಗೆ ತಪ್ಪು ಸಿಕ್ಕಿಯೇ ಸಿಕ್ಕುತ್ತದೆ. ‘ನಿಮ್ಮ ವಯಸ್ಸಿಗೆ ಇದೇ ಹೆಚ್ಚು’ ಎಂದು ಅವರು ಇದುವರೆಗೆ ಒಂದು ಸಲವೂ ಅಂದಿಲ್ಲ, ಅನ್ನುವವರಂತೆಯೂ ಕಾಣುವುದಿಲ್ಲ.